ಆಡ್ರೆ ಹೆಪ್ಬರ್ನ್ ನಟಿಸಿದ ‘ಸಬ್ರಿನಾ’ವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಸಪ್ಪೆ ಅನ್ನಿಸಿತು, ಯಾಕೆ?

ನನಗೂ ದ್ವಿತೀಯಾರ್ಧ ಸಪ್ಪೆಯೇ. ಮೊದಲರ್ಧದ ಬಗ್ಗೆ ಮಾತ್ರ ನೀವು ಏನೇ ಹೇಳಿದರೂ ಒಪ್ಪುವುದಿಲ್ಲ!

ಲಾಂಗ್ ಐಲ್ಯಾಂಡಿನ ಸಾಹುಕಾರರ ಮನೆಯ ಡ್ರೈವರ್ ಮಗಳು ಸಬ್ರಿನಾ. ಆ ಮನೆಯ ಕಿರಿಮಗ ಡೇವಿಡ್ ಅಂದರೆ ಅವಳಿಗೆ ಪ್ರಾಣ. ಅವನು ಇವಳ ಕಡೆ ತಿರುಗಿಯೂ ನೋಡುವುದಿಲ್ಲ. ಅಡುಗೆ ಕಲಿಯಲು ಪ್ಯಾರಿಸ್‌ಗೆ ಹೋದರೂ ಮನಸ್ಸೆಲ್ಲ ಇಲ್ಲೇ. ಕ್ಲಾಸಿನಲ್ಲಿ ಮೇಷ್ಟ್ರು ಒಬ್ಬೊಬ್ಬರ ಸೂಫ್ಲೆ (ಮೊಟ್ಟೆಯ ನೊರೆ ಹಾಕಿ ಉಬ್ಬಿಸುವ ತಿನಿಸು) ನೋಡುತ್ತಾ ಬರುತ್ತಾರೆ. ಇವಳದು ಉಬ್ಬೇ ಇಲ್ಲ. ಓವನ್ ಹಚ್ಚುವುದನ್ನೇ ಮರೆತಿದ್ದಾಳೆ! ಪಕ್ಕದಲ್ಲಿದ್ದ ಮುದುಕ ಬ್ಯಾರನ್‌ಗೆ ಅಷ್ಟರಲ್ಲೇ ಇವಳ ಕಥೆಯೆಲ್ಲ ಅರ್ಥವಾಗುತ್ತದೆ. ನಿರ್ದೇಶಕ ಬಿಲ್ಲಿ ವೈಲ್ಡರ್ ಇಂಥದ್ದರಲ್ಲಿ ಗಟ್ಟಿಗ.

ಅವಳು ವಾಪಸ್ ಬಂದ ಮೇಲೆ ಡೇವಿಡ್ ಅವಳಿಗೆ ಮರುಳಾಗುತ್ತಾನೆ, ಕಥೆ ಮಾತ್ರ ಅವನ ಅಣ್ಣ ಲೈನಸ್ ಕಡೆ ವಾಲುತ್ತದೆ. ಡೇವಿಡ್ ಇನ್ನೊಬ್ಬ ಸಾಹುಕಾರನ ಮಗಳನ್ನು ಮದುವೆಯಾದರೆ ವ್ಯಾಪಾರಕ್ಕೆ ಲಾಭ. ಅದಕ್ಕೇ ಲೈನಸ್ ಸಬ್ರಿನಾ ಜೊತೆ ಪ್ರೀತಿಯ ನಾಟಕವಾಡುತ್ತಾನೆ, ಅವಳನ್ನು ಮತ್ತೆ ಪ್ಯಾರಿಸ್‌ಗೆ ಸಾಗಹಾಕಲು. ಲೈನಸ್ ಪಾತ್ರ ಮೊದಲು ಕ್ಯಾರಿ ಗ್ರಾಂಟ್‌ಗೆ ಅಂತ ಇತ್ತು, ಕೊನೆಗೆ ಹಂಫ್ರಿ ಬೋಗಾರ್ಟ್ ಮಾಡಿದರು. ಬೋಗಾರ್ಟ್ ಹುಟ್ಟಿದ್ದು 1899ರಲ್ಲಿ, ಹೆಪ್ಬರ್ನ್ 1929ರಲ್ಲಿ. ಎಲ್ಲರೂ ಈ ವಯಸ್ಸಿನ ಅಂತರವನ್ನೇ ದೂರುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಕಾಡಿದ್ದು ಚಿತ್ರಕಥೆ. ಲೈನಸ್ ಕಾಲೇಜು ದಿನಗಳ ಹಳೇ ಸ್ವೆಟರ್ ಹಾಕಿಕೊಂಡು, ಗ್ರಾಮಫೋನ್ ಹೊತ್ತುಕೊಂಡು ಅವಳನ್ನು ದೋಣಿಯಲ್ಲಿ ಕರೆದೊಯ್ಯುತ್ತಾನೆ. ನಗು ಬರುತ್ತದೆ, ಸರಿ. ಆದರೆ ಬೋಗಾರ್ಟ್ ಮುಖ ನೋಡಿದರೆ ಹಲ್ಲು ಕೀಳಿಸಿಕೊಳ್ಳಲು ಹೊರಟವರ ಹಾಗಿದೆ. ಚಿಕ್ಕಂದಿನಿಂದ ಡೇವಿಡ್‌ನನ್ನೇ ಕನವರಿಸಿದವಳು ಇವನಿಗೆ ಮನಸ್ಸು ಕೊಟ್ಟಿದ್ದು ಯಾವಾಗ, ಯಾಕೆ? ಅದನ್ನು ನಾವೇ ಊಹಿಸಿಕೊಳ್ಳಬೇಕು. ನಾಟಕ ಬಯಲಾದ ಮೇಲೂ ಅವಳು ಸಿಟ್ಟಿನಿಂದ ನಾಲ್ಕು ಮಾತು ಆಡುವುದಿಲ್ಲ. ಸುಮ್ನೆ ಹೊರಟುಬಿಡುತ್ತಾಳೆ. ನನಗಂತೂ ಅವಳ ಪರವಾಗಿ ಸಿಟ್ಟು ಬಂತು.

ಜನ ಹೊಗಳುವುದು ಬಹುಪಾಲು ಹೆಪ್ಬರ್ನ್ ಅವರನ್ನು, ಅವರ ಉಡುಪುಗಳನ್ನು. 6 ಆಸ್ಕರ್ ನಾಮನಿರ್ದೇಶನ ಸಿಕ್ಕರೂ ಗೆದ್ದದ್ದು ವಸ್ತ್ರವಿನ್ಯಾಸಕ್ಕೆ ಮಾತ್ರ. ಅದೂ ಎಡಿತ್ ಹೆಡ್ ಹೆಸರಿಗೆ. ಕಣ್ಣು ಕುಕ್ಕುವ ಗೌನುಗಳನ್ನು ಮಾಡಿಕೊಟ್ಟ ಫ್ರೆಂಚ್ ವಸ್ತ್ರವಿನ್ಯಾಸಕ ಜಿವಾನ್ಶಿಗೆ ಟೈಟಲ್ ಕಾರ್ಡಿನಲ್ಲೂ ಜಾಗ ಇರಲಿಲ್ಲ!

ಇನ್ನೊಮ್ಮೆ ನೋಡುವುದಾದರೆ ಡೇವಿಡ್ ಮೇಲೆ ಕಣ್ಣಿಡಿ. ಹಿಂದಿನ ಜೇಬಿನಲ್ಲಿ ಶಾಂಪೇನ್ ಗ್ಲಾಸು ಇಟ್ಟುಕೊಂಡು ಅದರ ಮೇಲೇ ಕೂತುಬಿಡುವ ಆ ಪೋಲಿ ಹುಡುಗ, ಕೊನೆಯಲ್ಲಿ ಬೇಕೆಂದೇ ಅಣ್ಣನನ್ನು ಕೆರಳಿಸಿ, ಏಟು ತಿಂದು, ಅವನನ್ನು ಸಬ್ರಿನಾ ಹೊರಟ ಹಡಗಿಗೆ ಓಡಿಸುತ್ತಾನೆ. ಲೈನಸ್ ತಾನಾಗಿ ಎದ್ದು ಹೋಗುತ್ತಿದ್ದ ಅಂತ ನನಗೆ ಅನ್ನಿಸುವುದಿಲ್ಲ.