ಮಾಜಿ ಸೈನಿಕರಿಗೆ ಕೆಲಸ ಕೊಟ್ಟರೆ ತೆರಿಗೆ ಕ್ರೆಡಿಟ್: 28 ದಿನಗಳ ಲೆಕ್ಕ

ಪ್ರಶ್ನೆ: ಅಮೆರಿಕದ ಟೆಕ್ಸಾಸ್‌ನಲ್ಲಿ ನಮ್ಮದೊಂದು ಚಿಕ್ಕ ಗೋದಾಮು ಮತ್ತು ಸಾಗಣೆ ಕಂಪನಿ ಇದೆ. 2025ರ ಮೇ ತಿಂಗಳಲ್ಲಿ ಇಬ್ಬರು ಮಾಜಿ ಸೈನಿಕರನ್ನು ಕೆಲಸಕ್ಕೆ ಸೇರಿಸಿಕೊಂಡೆವು. ಒಬ್ಬರು ಸೇನೆ ಬಿಟ್ಟ ಹತ್ತನೇ ದಿನಕ್ಕೇ ಬಂದವರು. ಇನ್ನೊಬ್ಬರಿಗೆ ಕರ್ತವ್ಯದಲ್ಲಿದ್ದಾಗ ಬೆನ್ನಿಗೆ ಪೆಟ್ಟಾಗಿ ಸರ್ಕಾರದಿಂದ ಅಂಗವೈಕಲ್ಯ ಪರಿಹಾರ ಬರುತ್ತದೆ. ಏಳು ತಿಂಗಳು ಕೆಲಸವಿಲ್ಲದೆ ಇದ್ದರು. ತಲಾ 9,600 ಡಾಲರ್ ತೆರಿಗೆ ಉಳಿಯುತ್ತದೆಂದು ಸ್ನೇಹಿತರು ಹೇಳಿದ್ದರು. ಆಗ ಯಾವ ಫಾರ್ಮನ್ನೂ ತುಂಬಿಸಿರಲಿಲ್ಲ. ಈಗ ನಮ್ಮ ಅಕೌಂಟೆಂಟ್ ಏನೂ ಸಿಗದು ಎನ್ನುತ್ತಾರೆ. ಯಾರ ಮಾತು ನಿಜ?

ಉತ್ತರ: ಅಕೌಂಟೆಂಟ್ ಹೇಳಿದ್ದೇ ನಿಜ. ಆದರೆ ಇಬ್ಬರಿಗೂ ಕಾರಣ ಬೇರೆ ಬೇರೆ. ಎರಡನೆಯವರ ವಿಷಯ ಓದಿ ನನಗೆ ಬೇಸರವೇ ಆಯಿತು, ಆ ಹಣ ನಿಮ್ಮ ಕೈಗೆ ಬರಬೇಕಾದದ್ದು.

ಸ್ನೇಹಿತರು ಹೇಳಿದ್ದು ವರ್ಕ್ ಆಪರ್ಚುನಿಟಿ ಟ್ಯಾಕ್ಸ್ ಕ್ರೆಡಿಟ್ ಬಗ್ಗೆ, ಅಂದರೆ ಕೆಲಸ ಸಿಗುವುದು ಕಷ್ಟವಾದವರನ್ನು ಸೇರಿಸಿಕೊಂಡ ಮಾಲೀಕರು ಕಟ್ಟಬೇಕಾದ ತೆರಿಗೆಯಲ್ಲೇ ನೇರವಾಗಿ ಕಳೆಯುವ ಮೊತ್ತ. ಇದು 1996ರ ಕಾನೂನಿನಿಂದ ಬಂದದ್ದು. 2011ರಲ್ಲಿ ಮಾಜಿ ಸೈನಿಕರ ಮಟ್ಟಿಗೆ ಅದನ್ನು ಹಿಗ್ಗಿಸಿದರು. ಸೇನೆಯಲ್ಲಿದ್ದರು ಎಂಬ ಒಂದೇ ಕಾರಣಕ್ಕೆ ಈ ಕ್ರೆಡಿಟ್ ಸಿಗುವುದಿಲ್ಲ. ಸೇನೆ ಬಿಟ್ಟ ಮೇಲೆ ಕೆಲಸ ಸಿಗದೆ ಒದ್ದಾಡಿದವರಿಗೆ, ಗಾಯದೊಂದಿಗೆ ಮನೆಗೆ ಮರಳಿದವರಿಗೆ, ಸ್ನ್ಯಾಪ್ ಆಹಾರ ನೆರವಿನ ಮೇಲೆ ಸಂಸಾರ ನಡೆಸಿದವರಿಗೆ ಕೆಲಸ ಕೊಟ್ಟರೆ ಮಾತ್ರ ಸಿಗುತ್ತದೆ. ನಿಮ್ಮ ಮೊದಲನೆಯವರು ಹತ್ತೇ ದಿನಕ್ಕೆ ಕೆಲಸ ಹಿಡಿದರು. ಕೆಲಸವಿಲ್ಲದ ಅವಧಿ ಕನಿಷ್ಠ ನಾಲ್ಕು ವಾರವಾದರೂ ಇರಬೇಕು, ಹಾಗಾಗಿ ಆ ಲೆಕ್ಕದಲ್ಲಿ ಅವರು ಬರುವುದಿಲ್ಲ. ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ, ಅವರಿಗೆ ಬೇಗ ಕೆಲಸ ಸಿಕ್ಕಿತಲ್ಲ.

ಎರಡನೆಯವರದ್ದು ಈ ಯೋಜನೆಯಲ್ಲೇ ಅತಿ ದೊಡ್ಡ ಮೊತ್ತದ ವರ್ಗ. ಕೆಲಸಕ್ಕೆ ಸೇರುವ ಹಿಂದಿನ ಒಂದು ವರ್ಷದಲ್ಲಿ ಒಟ್ಟು ಆರು ತಿಂಗಳಾದರೂ ನಿರುದ್ಯೋಗಿಯಾಗಿದ್ದು, ಸೇವೆಯಲ್ಲಾದ ಅಂಗವೈಕಲ್ಯಕ್ಕೆ ಪರಿಹಾರ ಪಡೆಯುವ ಹಕ್ಕಿರುವವರ ಮೊದಲ ವರ್ಷದ ಸಂಬಳದಲ್ಲಿ 24,000 ಡಾಲರ್‌ವರೆಗೆ ಲೆಕ್ಕಕ್ಕೆ ಬರುತ್ತದೆ. ಅದರ ಶೇ 40 ಅಂದರೆ 9,600. ಅಂಗವೈಕಲ್ಯವಿಲ್ಲದೆ ಆರು ತಿಂಗಳು ಕೆಲಸವಿಲ್ಲದಿದ್ದವರಿಗೆ ಗರಿಷ್ಠ 5,600. ಅಂಗವೈಕಲ್ಯವಿದ್ದು ಸೇನೆ ಬಿಟ್ಟ ಒಂದು ವರ್ಷದೊಳಗೆ ಸೇರಿದವರಿಗೆ 4,800. ನಾಲ್ಕು ವಾರದಿಂದ ಆರು ತಿಂಗಳವರೆಗಿನ ನಿರುದ್ಯೋಗಕ್ಕೆ 2,400. ಈ ವಾರಗಳು ಒಂದರ ಹಿಂದೊಂದು ಇರಬೇಕೆಂದಿಲ್ಲ, ಬಿಡಿಬಿಡಿಯಾಗಿದ್ದರೂ ಕೂಡಿಸಬಹುದು. ಎಷ್ಟೋ ಮಾಲೀಕರು ಇದನ್ನು ಗಮನಿಸುವುದೇ ಇಲ್ಲ. ಶೇ 40 ಸಿಗಲು ಆ ವ್ಯಕ್ತಿ 400 ಗಂಟೆ ದುಡಿದಿರಬೇಕು. 120 ದಾಟಿ 400 ಮುಟ್ಟದಿದ್ದರೆ ಶೇ 25, 120ಕ್ಕಿಂತ ಕಡಿಮೆಯಾದರೆ ಸೊನ್ನೆ.

ಇಷ್ಟೆಲ್ಲ ಹೊಂದಿಕೆಯಾದರೂ ನಿಮಗೆ ತಪ್ಪಿದ್ದು ಫಾರ್ಮ್ 8850ರಿಂದ. ಕೆಲಸದ ಆಫರ್ ಕೊಡುವ ದಿನ ಅಥವಾ ಅದಕ್ಕೂ ಮೊದಲು ಅಭ್ಯರ್ಥಿ ಅದರಲ್ಲಿ ತಮ್ಮ ಮಾಹಿತಿ ತುಂಬಬೇಕು. ಕೆಲಸ ಶುರುವಾದ 28 ದಿನದೊಳಗೆ ನೀವು ಅದನ್ನು ರಾಜ್ಯದ ಉದ್ಯೋಗ ಇಲಾಖೆಗೆ ಕಳಿಸಬೇಕು. ಇಲಾಖೆಯ ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಕ್ರೆಡಿಟ್ ಕೇಳುವ ಫಾರ್ಮ್ 5884 ಅನ್ನು ರಿಟರ್ನ್ ಜೊತೆ ಸಲ್ಲಿಸಬೇಕು. ಕ್ರೆಡಿಟ್ ಇದೆ ಎಂದು ಮಾಲೀಕರಿಗೆ ಗೊತ್ತಾಗುವುದು ಸಾಮಾನ್ಯವಾಗಿ ರಿಟರ್ನ್ ತುಂಬುವಾಗ. ಅಷ್ಟರಲ್ಲಿ ಗಡುವು ಮುಗಿದು ತಿಂಗಳುಗಳಾಗಿರುತ್ತವೆ. ದಯವಿಟ್ಟು ಇಂದೇ ಈ ಫಾರ್ಮನ್ನು ನಿಮ್ಮ ಅರ್ಜಿ ನಮೂನೆಯ ಜೊತೆಗೆ ಪಿನ್ ಮಾಡಿಡಿ.

ಇನ್ನೊಂದು ಮಾತು. 9,600 ಪೂರ್ತಿ ಉಳಿಯುತ್ತದೆ ಎಂದುಕೊಳ್ಳಬೇಡಿ. ಕ್ರೆಡಿಟ್ ಎಷ್ಟೋ ಅಷ್ಟನ್ನು ಸಂಬಳದ ಖರ್ಚಿನಿಂದ ಕಳೆದು ತೋರಿಸಬೇಕು. ಶೇ 21ರ ಕಾರ್ಪೊರೇಟ್ ತೆರಿಗೆ ಕಟ್ಟುವ ಕಂಪನಿಗೆ ಅದರಿಂದ 2,016 ಡಾಲರ್ ತೆರಿಗೆ ಹೆಚ್ಚುತ್ತದೆ, ನಿಜವಾಗಿ ಉಳಿಯುವುದು 7,584. ಈ ವರ್ಷ ತೆರಿಗೆಯೇ ಅಷ್ಟಿಲ್ಲದಿದ್ದರೆ ಉಳಿದ ಕ್ರೆಡಿಟ್ ಅನ್ನು ಹಿಂದಿನ ಒಂದು ವರ್ಷಕ್ಕೆ ಅಥವಾ ಮುಂದಿನ 20 ವರ್ಷಗಳಿಗೆ ಒಯ್ಯಬಹುದು.

ಪ್ರಶ್ನೆ: ನಮ್ಮದು ಲಾಭರಹಿತ ಸಂಸ್ಥೆ, ಆದಾಯ ತೆರಿಗೆಯೇ ಇಲ್ಲ. ನಮಗೆ ಏನಾದರೂ ಉಂಟೇ?

ಉತ್ತರ: 2025ರ ಡಿಸೆಂಬರ್ 31ರೊಳಗೆ ಸೇರಿದವರ ಮಟ್ಟಿಗೆ ಉಂಟು. ಈ ಯೋಜನೆಯ ಬೇರೆ ವರ್ಗಗಳು ನಿಮಗೆ ಸಿಗುವುದಿಲ್ಲ, ಮಾಜಿ ಸೈನಿಕರದ್ದು ಮಾತ್ರ ಸಿಗುತ್ತದೆ. ದರ ಶೇ 40ರ ಬದಲು ಶೇ 26. ಮೇಲೆ ಹೇಳಿದಂಥ ವ್ಯಕ್ತಿಗೆ 6,240 ಡಾಲರ್‌ವರೆಗೆ. ಸಂಸ್ಥೆ ಕಟ್ಟುವ ಸೋಶಿಯಲ್ ಸೆಕ್ಯೂರಿಟಿ ತೆರಿಗೆಯ ಪಾಲಿನ ಎದುರು ಫಾರ್ಮ್ 5884-ಸಿ ಮೂಲಕ ಪಡೆಯಬೇಕು. 28 ದಿನದ ನಿಯಮ ನಿಮಗೂ ಇದೆ.

ಪ್ರಶ್ನೆ: ಸಂದರ್ಶನದಲ್ಲೇ "ನಿಮಗೆ ಅಂಗವೈಕಲ್ಯ ಇದೆಯೇ, ಎಷ್ಟು ದಿನ ಕೆಲಸವಿರಲಿಲ್ಲ" ಎಂದು ಕೇಳಿ ಕ್ರೆಡಿಟ್ ಸಿಗುವವರನ್ನೇ ಆರಿಸಬಹುದೇ?

ಉತ್ತರ: ಬೇಡ. ಆಫರ್‌ಗೂ ಮೊದಲು ಅಂಗವೈಕಲ್ಯದ ಬಗ್ಗೆ ಕೇಳುವುದನ್ನು ಅಮೆರಿಕದ ಕಾನೂನು ತಡೆಯುತ್ತದೆ. ಫಾರ್ಮನ್ನು ಬಂದ ಎಲ್ಲರಿಗೂ ಕೊಡಿ, ತುಂಬುವುದು ಬಿಡುವುದು ಅವರ ಇಷ್ಟ. ನಿರುದ್ಯೋಗ, ಸ್ನ್ಯಾಪ್ ಮುಂತಾದ ಹಲವು ಸ್ಥಿತಿಗಳನ್ನು ಒಂದೇ ಗುರುತಿನ ಚೌಕಕ್ಕೆ ಸೇರಿಸಿರುವುದರಿಂದ ಅವರ ಕಷ್ಟ ಯಾವುದೆಂದು ಹೇಳಿಕೊಳ್ಳುವ ಮುಜುಗರವೂ ಬಹುಮಟ್ಟಿಗೆ ತಪ್ಪುತ್ತದೆ. ಒಮ್ಮೆ ನಿಮ್ಮಲ್ಲಿ ದುಡಿದು ಹೋದವರನ್ನು ಮತ್ತೆ ಸೇರಿಸಿಕೊಂಡರೂ, ಮಾಲೀಕರ ಮಕ್ಕಳು ಒಡಹುಟ್ಟಿದವರನ್ನು ಸೇರಿಸಿಕೊಂಡರೂ ಕ್ರೆಡಿಟ್ ಇಲ್ಲ. ಈ ಯೋಜನೆಗೆ 2020ರ ಕೊನೆಯಲ್ಲಿ ಆದ ವಿಸ್ತರಣೆ 2025ರ ಡಿಸೆಂಬರ್ 31ರವರೆಗೆ ಸೇರಿದವರಿಗೆ. ಆಮೇಲೆ ಸೇರುವವರ ವಿಷಯ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮತ್ತೆ ವಿಸ್ತರಿಸುವುದನ್ನೇ ಅವಲಂಬಿಸಿದೆ. 2015ರಲ್ಲಿ ವರ್ಷದ ಕೊನೆಗೆ ಕಾನೂನು ತಂದು ಜನವರಿಯಿಂದಲೇ ಅನ್ವಯಿಸಿದ್ದರು, ಆದ್ದರಿಂದ ನಡುವೆ ಖಾಲಿ ಬಿದ್ದ ತಿಂಗಳುಗಳಲ್ಲೂ ಫಾರ್ಮ್ 8850 ಕಳಿಸುವುದನ್ನು ನಿಲ್ಲಿಸಬೇಡಿ.