ಓದುಗರ ಪ್ರಶ್ನೆ: ಸಭೆಯಿಂದ ದೂರವಾದ ಮಗನ ರಕ್ಷಣೆ ಕಳೆದುಹೋಯಿತೇ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನನ್ನ ಮಗನು ಚಿಕ್ಕಂದಿನಿಂದ ಭಕ್ತಿಯಲ್ಲಿ ಬೆಳೆದವನು. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದನು. ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ನಾಲ್ಕು ವರ್ಷಗಳಿಂದ ಆರಾಧನೆಗೆ ಹೋಗುತ್ತಿಲ್ಲ. ಸಭಾಹಿರಿಯರೊಬ್ಬರು ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯವನ್ನು ತೋರಿಸಿ, ಅವನಿಗೆ ಇನ್ನು ರಕ್ಷಣೆಯಿಲ್ಲ ಎಂದರು. ಮತ್ತೊಬ್ಬರು, ಒಮ್ಮೆ ರಕ್ಷಣೆ ಹೊಂದಿದವನು ಹೇಗೆ ಬದುಕಿದರೂ ರಕ್ಷಣೆಯಲ್ಲೇ ಇರುತ್ತಾನೆ, ಚಿಂತೆ ಬೇಡ ಎಂದರು. ಯಾರ ಮಾತನ್ನು ನಂಬಲಿ?
— ಒಬ್ಬ ತಾಯಿ, ಧಾರವಾಡ

ಉತ್ತರ: ಸಹೋದರಿಯವರೇ, ಇಬ್ಬರೂ ನಿಮ್ಮ ಮಗನ ಕಡೆಯ ಸ್ಥಿತಿಯನ್ನು ಈಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ಆ ಅಧಿಕಾರ ಅವರಿಗೂ ಇಲ್ಲ, ನನಗೂ ಇಲ್ಲ.

ಈ ವಿಷಯದಲ್ಲಿ ಸಭೆಗಳ ಬೋಧನೆ ಒಂದೇ ಬಗೆಯಾಗಿಲ್ಲ ಎಂಬುದನ್ನು ಮೊದಲು ತಿಳಿಸಬೇಕು. ನೆದರ್ಲೆಂಡ್ಸಿನಲ್ಲಿ ಅರ್ಮಿನಿಯಸ್ ಎಂಬ ದೇವಶಾಸ್ತ್ರಜ್ಞನ ಅನುಯಾಯಿಗಳು 1610ರಲ್ಲಿ ತಮ್ಮ ಐದು ಅಂಶಗಳನ್ನು ಮುಂದಿಟ್ಟಾಗ, ವಿಶ್ವಾಸಿಯು ಕೃಪೆಯಿಂದ ಬಿದ್ದುಹೋಗಬಲ್ಲನೇ ಎಂಬುದನ್ನು ದೇವರ ವಾಕ್ಯವಾದ ಬೈಬಲಿನಿಂದ ಇನ್ನೂ ಪರಿಶೀಲಿಸಬೇಕೆಂದು ಬರೆದಿದ್ದರು. ಅದಕ್ಕೆ ಉತ್ತರವಾಗಿ 1618–19ರಲ್ಲಿ ಅದೇ ದೇಶದ ಡಾರ್ಟ್ ನಗರದಲ್ಲಿ ಕೂಡಿದ ಮಹಾಸಭೆಯು, ದೇವರು ಆರಿಸಿಕೊಂಡವರನ್ನು ಕಡೆಯ ತನಕ ಕಾಪಾಡುತ್ತಾನೆ ಎಂದು ನಿರ್ಣಯಿಸಿತು. ಲೂಥರನ್ ಸಭೆಗಳೂ ಮೆಥೋಡಿಸ್ಟ್ ಪರಂಪರೆಯ ಮೂಲಪುರುಷನಾದ ಜಾನ್ ವೆಸ್ಲಿಯೂ, ನಿಜವಾದ ವಿಶ್ವಾಸಿಯೂ ಬಿದ್ದುಹೋಗಬಹುದು, ಬಿದ್ದವನು ತಿರುಗಿ ಬರಲೂಬಹುದು ಎಂದು ಬೋಧಿಸಿದರು. ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಾಗಿ ಒಂದುಗೂಡಿದ್ದರಿಂದ, ಒಂದೇ ಸಭೆಯ ಇಬ್ಬರು ಹಿರಿಯರು ಇದರಲ್ಲಿ ಬೇರೆ ಬೇರೆ ಮಾತನಾಡುವುದು ಆಶ್ಚರ್ಯವಲ್ಲ.

ನನ್ನ ಮನಸ್ಸು ಡಾರ್ಟಿನ ನಿರ್ಣಯದ ಕಡೆಗಿದೆ. ಆದರೆ ನಿಮಗೆ ಸಮಾಧಾನ ಹೇಳಿದ ಎರಡನೆಯವರ ಮಾತು ಆ ನಿರ್ಣಯವಲ್ಲ. ಯೋಹಾನ 10:28ರಲ್ಲಿ ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಿದುಕೊಳ್ಳಲಾರರು ಎಂದ ಕರ್ತನಾದ ಯೇಸು, ಅದರ ಹಿಂದಿನ ವಚನದಲ್ಲೇ ಆ ಕುರಿಗಳು ತನ್ನ ಸ್ವರಕ್ಕೆ ಕಿವಿಗೊಟ್ಟು ತನ್ನನ್ನು ಹಿಂಬಾಲಿಸುತ್ತವೆ ಎಂದಿದ್ದಾನೆ. ದೇವರು ವಿಶ್ವಾಸಿಯನ್ನು ವಿಶ್ವಾಸದ ಮೂಲಕವೇ ಕಾಯುತ್ತಾನೆ. ಅವನು ನಂಬಲಿ ಬಿಡಲಿ ಕಾಯುತ್ತಾನೆಂದು ವಾಕ್ಯವು ಎಲ್ಲಿಯೂ ಹೇಳುವುದಿಲ್ಲ. ಡಾರ್ಟಿನ ನಿರ್ಣಯವು ದಾವೀದನ ಮತ್ತು ಪೇತ್ರನ ಘೋರ ಪತನಗಳನ್ನು ಮರೆಮಾಚದೆ, ಬಿದ್ದವರು ಕೆಲಕಾಲ ದೇವರ ಕೃಪೆಯ ಅರಿವನ್ನೇ ಕಳೆದುಕೊಳ್ಳಬಹುದು ಎಂದು ಒಪ್ಪಿಕೊಳ್ಳುತ್ತದೆ; ವಾಕ್ಯದಲ್ಲಿರುವ ಎಚ್ಚರಿಕೆಗಳು ಕೂಡ ದೇವರು ತನ್ನವರನ್ನು ಉಳಿಸಿಕೊಳ್ಳಲು ಬಳಸುವ ಸಾಧನಗಳೇ ಎಂದು ಹೇಳುತ್ತದೆ.

ಇಬ್ರಿಯರಿಗೆ 6ನೇ ಅಧ್ಯಾಯವನ್ನು ಹೀಗೆಯೇ ಓದಬೇಕೆಂದು ನನಗೆ ತೋರುತ್ತದೆ. ಬೆಳಕನ್ನು ಹೊಂದಿ, ಪರಲೋಕದ ವರದ ರುಚಿ ನೋಡಿ ಬಿದ್ದುಹೋದವರನ್ನು ತಿರುಗಿ ಮಾನಸಾಂತರಕ್ಕೆ ತರುವುದು ಅಸಾಧ್ಯವೆನ್ನುವ 4ರಿಂದ 6ನೇ ವಚನಗಳು ನಿಜಕ್ಕೂ ಭಯಂಕರವಾದವು. ಅವುಗಳ ಮೊನೆಯನ್ನು ಮೊಂಡು ಮಾಡಲು ನಾನು ಒಪ್ಪುವುದಿಲ್ಲ. ಆದರೆ ಅಲ್ಲಿ ಹೇಳಿರುವುದು ದೇವಕುಮಾರನನ್ನು ಬೇಕೆಂದೇ ತಿರಸ್ಕರಿಸಿ ಅವಮಾನಪಡಿಸುವುದನ್ನು ಕುರಿತು. ಆಲಸ್ಯದಿಂದಲೋ ಗೊಂದಲದಿಂದಲೋ ಸಭೆಗೆ ಬಾರದೆ ಇರುವ ಪ್ರತಿಯೊಬ್ಬ ಯುವಕನನ್ನು ಕುರಿತಲ್ಲ. ಅದನ್ನು ಬರೆದವನು 9ನೇ ವಚನದಲ್ಲಿ ತನ್ನ ಓದುಗರನ್ನು ಪ್ರಿಯರೇ ಎಂದು ಕರೆದು, ಅವರ ವಿಷಯದಲ್ಲಿ ಉತ್ತಮವಾದದ್ದನ್ನೇ ನಂಬಿದ್ದೇನೆ ಎನ್ನುತ್ತಾನೆ. ಜೀವಂತವಾಗಿರುವ ಒಬ್ಬನ ಮೇಲೆ ತೀರ್ಪು ಬರೆಯಲು ಆ ಭಾಗವನ್ನು ಉಪಯೋಗಿಸುವವರು 9ನೇ ವಚನದವರೆಗೆ ಓದಿಲ್ಲವೆಂದೇ ನಾನು ಭಾವಿಸುತ್ತೇನೆ.

ಪೇತ್ರನ ಸಂಗತಿಯನ್ನು ನೋಡಿರಿ. ಅವನು ಯೇಸುವನ್ನು ಅರಿಯೆನೆಂದು ಮೂರು ಸಾರಿ ಅಲ್ಲಗಳೆಯುವ ಮೊದಲೇ, ಅವನ ನಂಬಿಕೆ ಕುಂದಿಹೋಗಬಾರದೆಂದು ಕರ್ತನು ಅವನಿಗಾಗಿ ಬೇಡಿಕೊಂಡಿದ್ದನು. ಪುನರುತ್ಥಾನದ ಬೆಳಿಗ್ಗೆ ಸಮಾಧಿಯ ಬಳಿ ಸ್ತ್ರೀಯರಿಗೆ ಸಿಕ್ಕಿದ ಸಂದೇಶದಲ್ಲಿ ಶಿಷ್ಯರೊಂದಿಗೆ ಪೇತ್ರನ ಹೆಸರನ್ನು ಬೇರೆಯಾಗಿಯೇ ಹೇಳಲಾಯಿತೆಂದು ಮಾರ್ಕನು 16:7ರಲ್ಲಿ ಬರೆದಿದ್ದಾನೆ.

ನಿಮ್ಮ ಮಗನು ಮುಂದಿನ ಸಾರಿ ಊರಿಗೆ ಬಂದಾಗ, ರಕ್ಷಣೆ ಉಳಿದಿದೆಯೋ ಇಲ್ಲವೋ ಎಂಬ ವಾದವನ್ನು ತೆಗೆಯಬೇಡಿರಿ. ಅವನನ್ನು ದೂರ ಮಾಡಿದ್ದು ಏನೆಂದು ಕೇಳಿ, ಅವನು ಹೇಳುವುದನ್ನು ಪೂರ್ತಿಯಾಗಿ ಆಲಿಸಿರಿ. ಮನೆಯ ಸಂಜೆ ಪ್ರಾರ್ಥನೆಯಲ್ಲಿ ಅವನ ಹೆಸರನ್ನು ಎಂದಿನಂತೆ ಹೇಳುತ್ತಾ ಇರಿ. ಅವನು ಮನೆಯಲ್ಲಿರುವ ದಿನವೂ ಅದನ್ನು ಬಿಡಬೇಡಿರಿ.