ಒಂದು ತಿಂಗಳು ನಿಂತ ಕಾರು ಸೆಲ್ಫ್ ತಗೊಳ್ತಿಲ್ಲ: ಬ್ಯಾಟರಿ ಚಾರ್ಜ್ ಮಾಡಿಸಬೇಕಾ, ಹೊಸದೇ ಹಾಕಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಹೊಸನಗರದ ಕಡೆ ಮನೆ. ಸಣ್ಣ ಪೆಟ್ರೋಲ್ ಕಾರು, ಗೇರ್ ಇರುವಂಥದ್ದು. 35 ಆಂಪಿಯರ್-ಅವರ್ ಬ್ಯಾಟರಿ, ಹಾಕಿಸಿ ಮೂರು ವರ್ಷ. ಮಳೆಗಾಲದಲ್ಲಿ ಒಂದು ತಿಂಗಳು ಶೆಡ್ಡಿನಲ್ಲೇ ನಿಂತಿತ್ತು. ಈಗ ಕೀ ತಿರುಗಿಸಿದರೆ ಬರೀ ಟಕಟಕ ಸದ್ದು. ಅಂಗಡಿಯವರು ಬ್ಯಾಟರಿ ನೋಡದೆ ಫೋನಿನಲ್ಲೇ "ಹೊಸದು ಹಾಕಿಸಿಬಿಡಿ" ಅಂದರು. ಚಾರ್ಜ್ ಮಾಡಿಸಿದರೆ ಸಾಕಾ, ಮನೆಯ ಇನ್ವರ್ಟರ್ ಬ್ಯಾಟರಿಯಿಂದ ಜಂಪ್ (ಬೇರೆ ಬ್ಯಾಟರಿಗೆ ಕೇಬಲ್ ಸಿಕ್ಕಿಸಿ ಸ್ಟಾರ್ಟ್ ಮಾಡುವುದು) ಕೊಡಬಹುದಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಹೊಸದು ತಗೋಬೇಡಿ. ನಾನು ತೀರ್ಥಹಳ್ಳಿ ಕಡೆ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಆಷಾಢ, ಶ್ರಾವಣದಲ್ಲಿ ನಮ್ಮ ಅಂಗಡಿಗೆ ಬರುವ ಬ್ಯಾಟರಿಗಳಲ್ಲಿ ಕೆಟ್ಟು ಹೋದವಕ್ಕಿಂತ ಸುಮ್ನೆ ಇಳಿದು ಹೋದವೇ ಜಾಸ್ತಿ.

ಲೆಕ್ಕ ನೋಡಿ. ಬೀಗ ಹಾಕಿ ಬಂದರೂ ಕಾರು ಪೂರ್ತಿ ಆಫ್ ಆಗುವುದಿಲ್ಲ. ಗಡಿಯಾರ, ಅಲಾರಂ, ರಿಮೋಟಿಗೆ ಕಾದು ಕೂತ ಲಾಕಿಂಗ್, ಇಂಜಿನ್ನಿನ ಕಂಪ್ಯೂಟರ್, ಎಲ್ಲ ಸೇರಿ 20ರಿಂದ 50 ಮಿಲಿ ಆಂಪ್ ಎಳೆಯುತ್ತಲೇ ಇರುತ್ತವೆ. 40 ಅಂತ ಹಿಡಿದರೆ ದಿನಕ್ಕೆ ಹೆಚ್ಚುಕಮ್ಮಿ 1 ಆಂಪಿಯರ್-ಅವರ್. ಮೂವತ್ತು ದಿನಕ್ಕೆ 29. ನಿಮ್ಮದು 35ರದ್ದು, ಮೂರು ವರ್ಷ ಆದಮೇಲೆ ಅಷ್ಟೂ ಹಿಡಿಯುವುದಿಲ್ಲ. ಇಳಿಯದೇ ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು.

ಆದರೆ ತಡ ಮಾಡಬೇಡಿ. ಬ್ಯಾಟರಿ ಇಳಿಯುವಾಗ ಒಳಗಿನ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕಟ್ಟುತ್ತದೆ. ಬೇಗ ಚಾರ್ಜ್ ಕೊಟ್ಟರೆ ಅದು ಕರಗಿ ಮತ್ತೆ ಆಸಿಡ್ಡಿಗೆ ಸೇರುತ್ತದೆ. ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಏನು ಮಾಡಿದರೂ ಪೂರ್ತಿ ಬಿಡುವುದಿಲ್ಲ. "ಮಳೆ ಕಮ್ಮಿಯಾಗಲಿ, ಆಮೇಲೆ ನೋಡೋಣ" ಅಂತ ಬಿಟ್ಟವರ ಬ್ಯಾಟರಿಗಳೇ ಕೊನೆಗೆ ಗುಜರಿಗೆ ಹೋಗುವುದು.

ಮೊದಲು ಒಂದು ಮಲ್ಟಿಮೀಟರ್ ಹುಡುಕಿ. ಊರಲ್ಲಿ ಇನ್ವರ್ಟರ್, ಪಂಪ್‌ಸೆಟ್ ರಿಪೇರಿ ಮಾಡುವವರ ಹತ್ತಿರ ಇದ್ದೇ ಇರುತ್ತದೆ. ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡಿಯಿರಿ. ತುಂಬಿದ ಬ್ಯಾಟರಿ 12.6 ವೋಲ್ಟ್ ಅಥವಾ ಸ್ವಲ್ಪ ಮೇಲೆ ತೋರಿಸುತ್ತದೆ. 12.2 ಅಂದರೆ ಅರ್ಧ. 11.8ಕ್ಕಿಂತ ಕೆಳಗೆ ಇದ್ದರೆ ಖಾಲಿ. ನಿಮ್ಮದು ಬಹುಶಃ 11ರ ಆಸುಪಾಸು ಅಥವಾ ಅದಕ್ಕಿಂತಲೂ ಕೆಳಗೆ ಇರಬಹುದು, ಗಾಬರಿ ಬೇಡ. 12.5 ಇದ್ದೂ ಸೆಲ್ಫ್ ತಿರುಗದಿದ್ದರೆ ಕಥೆ ಬೇರೆ: ಕ್ಲಾಂಪ್ ಲೂಸ್ ಆಗಿರಬೇಕು, ಇಲ್ಲ ಸೆಲ್ಫ್ ಮೋಟಾರಿನದೇ ತೊಂದರೆ. ನಮ್ಮ ಕಡೆಯ ಥಂಡಿಗೆ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಬೆಳೆಯುವುದು ಮಾಮೂಲಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ, ಒಣಗಿದ ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿ. ಸೋಡಾ ನೀರು ಮಾತ್ರ ಮುಚ್ಚಳದ ಸಂದಿಯಿಂದ ಒಳಗೆ ಇಳಿಯಬಾರದು.

ಈಗ ಬ್ಯಾಟರಿ ಬಿಚ್ಚಿ. ಸಾಮಾನ್ಯವಾಗಿ 10ರ ಸ್ಪ್ಯಾನರ್ ಸಾಕು. ಮೊದಲು ಮೈನಸ್, ಆಮೇಲೆ ಪ್ಲಸ್. ವಾಪಸ್ ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಕಾರಣ ಇದೆ: ಮೈನಸ್ ಇನ್ನೂ ಸೇರಿಕೊಂಡಿರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್. ಸ್ಕೂಟರಿನ ಕಾಲಿಡುವ ಜಾಗದಲ್ಲಿ ನೆಟ್ಟಗೆ ಇಟ್ಟು ಕಟ್ಟಿಕೊಂಡು ಅಂಗಡಿಗೆ ತರಬಹುದು. ಬಸ್ಸಿನಲ್ಲಿ ಚೀಲಕ್ಕೆ ಹಾಕಿಕೊಂಡು ಬರುವವರಿದ್ದಾರೆ, ದಯವಿಟ್ಟು ಬೇಡ. ಮಗುಚಿದರೆ ಆಸಿಡ್ ಪಕ್ಕದವರ ಬಟ್ಟೆಗೂ ಹೋಗುತ್ತದೆ. ಅದು ಆಗಲೇ ಗೊತ್ತಾಗುವುದೂ ಇಲ್ಲ. ಪಂಚೆ ಒಗೆದು ಒಣಗಿಸಿದ ಮೇಲೆ ತೂತು ಕಾಣುತ್ತದೆ.

ಅಂಗಡಿಯಲ್ಲಿ ಒಂದೇ ಮಾತು ಹೇಳಿ: ಸ್ಲೋ ಚಾರ್ಜ್ ಮಾಡಿ. ಬ್ಯಾಟರಿಯ ಆಂಪಿಯರ್-ಅವರಿನ ಹತ್ತನೇ ಒಂದು ಭಾಗ, ಅಂದರೆ ನಿಮ್ಮದಕ್ಕೆ 3.5 ಆಂಪ್, ಹತ್ತು ಹನ್ನೆರಡು ಗಂಟೆ. ಒಂದು ಗಂಟೆಯಲ್ಲಿ ಕೊಡ್ತೀನಿ ಅಂದರೆ ಜಾಸ್ತಿ ಆಂಪಿನಲ್ಲಿ ಕುದಿಸಿ ಕೊಡುತ್ತಾರೆ, ಅದು ಪ್ಲೇಟಿಗೆ ಒಳ್ಳೆಯದಲ್ಲ. ಮನೆಯಲ್ಲಿ ಆನ್‌ಲೈನ್‌ನಿಂದ ತರಿಸಿದ ಆಟೋಮ್ಯಾಟಿಕ್ ಚಾರ್ಜರ್ ಇದ್ದರೆ ಅದನ್ನೂ ಬಳಸಬಹುದು. ಆದರೆ ಬ್ಯಾಟರಿ ತೀರಾ ಇಳಿದಿದ್ದರೆ ಅಂಥ ಚಾರ್ಜರ್‌ಗಳು ಬ್ಯಾಟರಿ ಇದೆ ಅಂತಲೇ ಗುರುತಿಸುವುದಿಲ್ಲ. ಆಗ ಅಂಗಡಿಯ ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರೇ ಗತಿ.

ಮೇಲೆ ಆರು ಮುಚ್ಚಳ ಇರುವ ಬ್ಯಾಟರಿಯಾದರೆ ಚಾರ್ಜ್ ಮುಗಿಯುವ ಹೊತ್ತಿಗೆ ಒಮ್ಮೆ ಹೋಗಿ ನೋಡಿ. ನಾನು ಮೀಟರಿಗಿಂತ ಮೊದಲು ನೋಡುವುದು ಇದನ್ನೇ. ಆರು ಸೆಲ್ಲಿನಲ್ಲೂ ಸಣ್ಣ ಗುಳ್ಳೆ ಒಂದೇ ಸಮ ಏಳುತ್ತಿರಬೇಕು, ಕಿವಿ ಕೊಟ್ಟರೆ ಸುಯ್ ಅನ್ನುತ್ತಿರುತ್ತದೆ. ಐದರಲ್ಲಿ ಗುಳ್ಳೆ ಎದ್ದು ಒಂದು ಮಾತ್ರ ಅಲುಗಾಡದೆ ನಿಂತಿದ್ದರೆ ಆ ಸೆಲ್ ಶಾರ್ಟ್ ಆಗಿದೆ ಅಂತಲೇ ಅನುಮಾನ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿದರೆ ಖಚಿತವಾಗುತ್ತದೆ: ಉಳಿದವು 1.250ರ ಮೇಲೆ ಇದ್ದು ಅದೊಂದು 1.150ರಲ್ಲೇ ಕೂತಿರುತ್ತದೆ. ಒಂದು ಸೆಲ್ಲಿಗೆ 2.1 ವೋಲ್ಟ್. ಒಂದು ಸತ್ತರೆ ಎಷ್ಟು ಚಾರ್ಜ್ ಕೊಟ್ಟರೂ ಬ್ಯಾಟರಿ 10.5ರ ಹತ್ತಿರವೇ ನಿಲ್ಲುತ್ತದೆ. ಅಂಥದ್ದನ್ನು ಬದುಕಿಸಲು ಯಾರೂ ದುಡ್ಡು ಹಾಕಬಾರದು. ಹತ್ತಿರ ಹೋಗುವಾಗ ಬೀಡಿ, ಬೆಂಕಿಪೊಟ್ಟಣ ದೂರ ಇರಲಿ. ಆ ಗುಳ್ಳೆಯಲ್ಲಿ ಹೈಡ್ರೋಜನ್ ಇದೆ, ಕಿಡಿ ತಾಗಿದರೆ ಬ್ಯಾಟರಿ ಸಿಡಿಯುತ್ತದೆ.

ನೀರು ಕಮ್ಮಿ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. "ಮಳೆನೀರು ಶುದ್ಧ ಅಲ್ವಾ" ಅಂತ ಹಂಚಿನ ಮಾಡಿನಿಂದ ಹಿಡಿದ ನೀರು ಹೊಯ್ಯುವವರು ಪ್ರತಿ ವರ್ಷ ಸಿಗುತ್ತಾರೆ. ಬೇಡ. ಆಸಿಡ್ಡೂ ಬೇಡ.

ಚಾರ್ಜರ್ ತೆಗೆದ ತಕ್ಷಣದ ವೋಲ್ಟೇಜ್ ನಂಬಬೇಡಿ. ಆಗ ಎಂಥ ಹಳೇ ಬ್ಯಾಟರಿಯೂ 13 ತೋರಿಸುತ್ತದೆ. ಏನೂ ಕನೆಕ್ಟ್ ಮಾಡದೆ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಅಳೆಯಿರಿ. 12.5ರಿಂದ 12.7 ನಿಂತಿದ್ದರೆ ಕಾರಿಗೆ ಹಾಕಿ, ಸೆಲ್ಫ್ ಹೊಡೆಯುವಾಗ ಇನ್ನೊಬ್ಬರಿಗೆ ಮೀಟರ್ ನೋಡಲು ಹೇಳಿ. 9.6ಕ್ಕಿಂತ ಕೆಳಗೆ ಬೀಳದಿದ್ದರೆ ಬ್ಯಾಟರಿ ಇನ್ನೂ ಕೆಲಸಕ್ಕೆ ಬರುತ್ತದೆ. ರಾತ್ರಿ ಕಳೆಯುವುದರೊಳಗೆ 12.2ಕ್ಕೆ ಇಳಿದಿದ್ದರೆ, ಅಥವಾ ಸೆಲ್ಫ್ ಹೊಡೆದಾಗ 8ಕ್ಕೆ ಕುಸಿದರೆ, ಆಗ ಅಂಗಡಿಯವರು ಹೇಳಿದ್ದು ಸರಿ.

ಇನ್ನು ಇನ್ವರ್ಟರ್ ವಿಷಯ. ಅದರ ಬ್ಯಾಟರಿಯಿಂದ ಜಂಪ್ ಕೊಡಬಹುದು, ಆದರೆ ನಿಮ್ಮ ಇನ್ವರ್ಟರಿಗೆ ಇರುವುದು ಒಂದೇ 12 ವೋಲ್ಟ್ ಬ್ಯಾಟರಿಯಾಗಿದ್ದರೆ ಮಾತ್ರ. ಇನ್ವರ್ಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಅದರ ಎರಡೂ ವೈರ್ ಬಿಚ್ಚಿ, ಬ್ಯಾಟರಿಯೊಂದನ್ನೇ ಕಾರಿನ ಹತ್ತಿರ ತನ್ನಿ. 150 ಆಂಪಿಯರ್-ಅವರ್ ಟ್ಯೂಬುಲರ್ ಅಂದರೆ 50 ಕೆ.ಜಿ. ದಾಟುತ್ತದೆ. ಅಂಗಳ ಜಾರುವ ಕಾಲದಲ್ಲಿ ಇಬ್ಬರು ಹೊತ್ತುಕೊಂಡು ಹೋಗುವ ಬದಲು ಕಾರಿನ ಸಣ್ಣ ಬ್ಯಾಟರಿಯನ್ನು ಬಿಚ್ಚಿ ಅಂಗಡಿಗೆ ಒಯ್ಯುವುದೇ ಸುಲಭ ಅಂತ ನನ್ನ ಅಭಿಪ್ರಾಯ. ಕಾರಿನ ಬ್ಯಾಟರಿಯನ್ನು ಇನ್ವರ್ಟರಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಐಡಿಯಾ ಕೂಡ ಕೆಲವರಿಗೆ ಬರುತ್ತದೆ. ಅದು 10-15 ಆಂಪ್ ತಳ್ಳುತ್ತದೆ, ನಿಮ್ಮ ಬ್ಯಾಟರಿಗೆ ತೀರಾ ಜಾಸ್ತಿ.

ಅಕ್ಕಪಕ್ಕದವರ ಕಾರು, ಟ್ರ್ಯಾಕ್ಟರ್ ಸಿಕ್ಕರೆ ಜಂಪ್ ತಗೊಳ್ಳಿ. ನಾಟಾ ಲಾರಿ, ಟಿಪ್ಪರ್, ಬಸ್ಸಿನಿಂದ ಬೇಡ. ಅವುಗಳಲ್ಲಿ ಎರಡು ಬ್ಯಾಟರಿ ಸರಣಿಯಲ್ಲಿ ಸೇರಿ 24 ವೋಲ್ಟ್ ಇರುತ್ತದೆ, ನಿಮ್ಮ ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟೇ ಹೋಗಬಹುದು. ಕೆಂಪು ಕೇಬಲ್ ಮೊದಲು ನಿಮ್ಮ ಪ್ಲಸ್‌ಗೆ, ಇನ್ನೊಂದು ತುದಿ ಅವರ ಪ್ಲಸ್‌ಗೆ. ಕಪ್ಪು ಮೊದಲು ಅವರ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಇಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರಿದರೂ ಬ್ಯಾಟರಿ ಪಕ್ಕ ಹಾರಬಾರದು ಅಂತ. ಐದು ನಿಮಿಷ ಹಾಗೇ ಬಿಟ್ಟು ಸೆಲ್ಫ್ ಹೊಡೆಯಿರಿ. ತೆಗೆಯುವಾಗ ಉಲ್ಟಾ ಕ್ರಮ. ಕೇಬಲ್ ದಪ್ಪದ್ದೇ ಬೇಕು. ಮನೆ ವೈರಿಂಗಿನ ತಂತಿ ಹಾಕಿದರೆ ಕರಗುತ್ತದೆ.

ದಬ್ಬಿ ಸ್ಟಾರ್ಟ್ ಮಾಡುವುದು ನಮ್ಮ ಕಡೆ ಸುಲಭ, ಮನೆ ಮುಂದೆಯೇ ಇಳಿಜಾರು. ಆದರೆ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಈಗಿನ ಕಾರುಗಳು ದಬ್ಬಿದರೂ ಏಳುವುದಿಲ್ಲ. ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟ್ ಬೇಕು. ಇಂಜಿನ್ ಆಫ್ ಇದ್ದಾಗ ಬ್ರೇಕೂ ಸ್ಟೀರಿಂಗೂ ಕಲ್ಲಿನಂತೆ ಗಟ್ಟಿಯಾಗುತ್ತವೆ. ಒದ್ದೆ ಇಳಿಜಾರಿನಲ್ಲಿ ಇದನ್ನು ಪ್ರಯತ್ನಿಸಲೇಬೇಡಿ.

ಕಾರು ಸ್ಟಾರ್ಟ್ ಆದಮೇಲೆ ಇನ್ನೊಂದು ಸಲ ಮೀಟರ್ ಹಿಡಿಯಿರಿ. ಇಂಜಿನ್ ಓಡುವಾಗ 13.8ರಿಂದ 14.4 ಬರಬೇಕು. 12.5ರಲ್ಲೇ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಅದನ್ನು ನೋಡದೆ ಹೊಸ ಬ್ಯಾಟರಿ ಹಾಕಿಸಿದರೆ ಅದೂ ಬೇಗ ಮಲಗುತ್ತದೆ. ಬಾನೆಟ್ ಎತ್ತಿದಾಗ ಮೂಲೆಮೂಲೆ ನೋಡಿ. ಮಳೆಗಾಲದಲ್ಲಿ ಬ್ಯಾಟರಿಯ ಹಿಂದೆ ಅಡಿಕೆ ಸಿಪ್ಪೆ, ಹರಿದ ಸೋಗೆ, ಬಾನೆಟ್ಟಿನ ಒಳಗಿನ ಸ್ಪಂಜು ಎಲ್ಲ ಸೇರಿಸಿ ಇಲಿ ಗೂಡು ಮಾಡಿರುತ್ತದೆ. ಪಕ್ಕದಲ್ಲೇ ವೈರಿನ ಪ್ಲಾಸ್ಟಿಕ್ ಕಡಿದು ತಾಮ್ರ ಹೊಳೆಯುತ್ತಿರುತ್ತದೆ. ಅಂಥ ಕಡೆ ತೇವ ಕೂತು ಸಣ್ಣಗೆ ಕರೆಂಟ್ ಸೋರುತ್ತದೆ. ಹೊರಗಡೆ ಹಾಕಿಸಿದ ಸ್ಟೀರಿಯೋ, ಕ್ಯಾಮೆರಾ, ಜಿಪಿಎಸ್ ಕೂಡ ಸೋರಿಸುತ್ತವೆ. ಫಾಸ್ಟ್ಯಾಗ್‌ನಿಂದ ಬ್ಯಾಟರಿ ಇಳಿಯುತ್ತಾ ಅಂತಲೂ ಕೇಳುತ್ತಾರೆ. ಇಲ್ಲ, ಅದು ಗಾಜಿಗೆ ಅಂಟಿಸಿದ ಸ್ಟಿಕ್ಕರ್, ಕಾರಿನ ವೈರಿಗೂ ಅದಕ್ಕೂ ಸಂಬಂಧ ಇಲ್ಲ.

ಕೊನೆಗೆ ಹೊಸದೇ ಬೇಕಾದರೆ ಶಿವಮೊಗ್ಗಕ್ಕೆ ಬಂದಾಗ ಎರಡು ಮೂರು ಕಡೆ ರೇಟ್ ಕೇಳಿ. ಮೊದಲು ಹಳೇ ವಾರಂಟಿ ಕಾರ್ಡ್ ತೆಗೆದು ನೋಡಿ. ಎಷ್ಟೋ ಬ್ಯಾಟರಿಗೆ ಮೊದಲರ್ಧ ಫ್ರೀ ಬದಲಾವಣೆ, ಉಳಿದರ್ಧ ರೇಟಿನಲ್ಲಿ ಸ್ವಲ್ಪ ಕಡಿತ ಇರುತ್ತದೆ. ಮೂರು ವರ್ಷಕ್ಕೆ ನಿಮಗೆ ಏನಾದರೂ ಸಿಗಬಹುದು. ಅದೇ ಅಳತೆಯದು, ಪ್ಲಸ್ ಅದೇ ಬದಿಗೆ ಬರುವುದನ್ನು ತಗೊಳ್ಳಿ. ಇಲ್ಲದಿದ್ದರೆ ಕೇಬಲ್ ಮುಟ್ಟುವುದಿಲ್ಲ. ಸಿಗ್ನಲ್‌ನಲ್ಲಿ ತಾನೇ ಇಂಜಿನ್ ಆಫ್ ಆಗುವ ಕಾರಾದರೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಅನ್ನುವ ಬಗೆಯ ಬ್ಯಾಟರಿಯೇ ಬೇಕು. ಹಳೇದನ್ನು ಎಕ್ಸ್‌ಚೇಂಜಿಗೆ ಕೊಡಿ, ಸೀಸಕ್ಕೆ ಬೆಲೆ ಇದೆ. ತೋಟದ ಮೂಲೆಗೆ ಎಸೆಯಬೇಡಿ.

ಮುಂದಿನ ಸಲ ಕಾರು ಎರಡು ವಾರಕ್ಕಿಂತ ಜಾಸ್ತಿ ನಿಲ್ಲುವುದಾದರೆ ಮೈನಸ್ ಕ್ಲಾಂಪ್ ಬಿಚ್ಚಿಟ್ಟು ಹೋಗಿ. ಗಡಿಯಾರ ಮತ್ತೆ ಹೊಂದಿಸಬೇಕು, ಬಾಗಿಲಿಗೆ ಕೀಯಲ್ಲೇ ಬೀಗ ಹಾಕಬೇಕು, ಅಷ್ಟೇ. ಮನೆಯಲ್ಲಿ ಓಡಿಸುವವರಿದ್ದರೆ ವಾರಕ್ಕೊಮ್ಮೆ ರಿಪ್ಪನ್‌ಪೇಟೆವರೆಗೆ ಹೋಗಿ ಬರಲಿ. ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಬ್ಯಾಟರಿ ತುಂಬುವುದಿಲ್ಲ.

ಸದ್ಯ ಬಿಚ್ಚಿ ಚಾರ್ಜಿಗೆ ಕೊಡಿ. ಒಂದು ರಾತ್ರಿ ಬಿಟ್ಟ ಮೇಲೆ ಎಷ್ಟು ವೋಲ್ಟ್ ಬಂತು, ಸೆಲ್ಫ್ ಹೊಡೆದಾಗ ಎಷ್ಟಕ್ಕೆ ಬಿತ್ತು, ಈ ಎರಡು ಅಂಕಿ ಇಲ್ಲಿ ಬರೆಯಿರಿ. ಹೊಸದು ಬೇಕಾ ಬೇಡವಾ ಅಂತ ನೋಡಿ ಹೇಳುತ್ತೇನೆ.